ಉಲ್ಲಾಸ ಕೊಠಡಿಯಲ್ಲಿ ಕೂತವಳು

ನನ್ನ ಓರಗಿತ್ತಿಗೆ ಹೇಸಿಗೆ ಅನ್ನುವುದೇ ಗೊತ್ತಿಲ್ಲ ಎಂದು ಮನೆಮಂದಿಯೆಲ್ಲ ನಂಬಿದ್ದೆವು. ನಮ್ಮತ್ತೆ ಹಾಸಿಗೆ ಹಿಡಿದಿದ್ದಾಗ ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಕಕ್ಕಿದ್ದನ್ನು ಬಳಿಯುವುದು ಎಲ್ಲ ಅವಳದೇ ಪಾಲು. ಕಿರಿ ಸೊಸೆ ನಾನು ಮೂಗಿಗೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದೆ. “ನೀನು ಅಲ್ಲೇ ಇರೇ ತಾಯಿ. ಒಳಗೆ ಬಂದ್ರೆ ನೀನು ಕಕ್ಕಿದ್ದನ್ನೂ ನಾನೇ ಬಳೀಬೇಕಾಗುತ್ತೆ” ಅನ್ನುತ್ತಿದ್ದಳು. ಅತ್ತೆ ಆ ನೋವಿನಲ್ಲೂ ನಗುತ್ತಿದ್ದರು.

ಹೊರಗೂ ಅವಳ ಕೆಲಸ ಅಂಥದ್ದೇ ಆಗಿತ್ತು. ಮದುವೆಯಾದ ಮೇಲೆ ಮನಶ್ಶಾಸ್ತ್ರ ಓದಿ, ದೊಡ್ಡಾಸ್ಪತ್ರೆಯ ಮಾನಸಿಕ ರೋಗಿಗಳ ವಾರ್ಡಿನಲ್ಲಿ ಆಪ್ತಸಮಾಲೋಚಕಿಯಾಗಿ ವರ್ಷಗಟ್ಟಲೆ ದುಡಿದಳು. ಒಂದು ದಿನ ರೋಗಿಯೊಬ್ಬ ಅವಳ ಮುಖಕ್ಕೇ ಉಗಿದನಂತೆ. ಅದನ್ನು ಅವಳು ಹೇಳಿದ್ದು ಊಟಕ್ಕೆ ಕೂತಾಗ, ಎರಡನೇ ಸಲ ಬಡಿಸಿಕೊಳ್ಳುತ್ತಾ. ನಾನು ತಟ್ಟೆ ಬಿಟ್ಟು ಎದ್ದೆ. “ಪಾಪ, ನಾನು ಅವನಿಗೆ ಬೇರೆ ಯಾರೋ ಥರ ಕಂಡಿದ್ದೆ ಕಣೇ. ನಂಗೆ ಉಗಿದಿದ್ದಲ್ಲ ಅದು” ಎಂದು ತಣ್ಣಗೆ ಉಂಡಳು.

ಅವಳನ್ನು ನಾನು ಕರೆಯುವುದು ಅಕ್ಕ ಎಂದೇ. ವಯಸ್ಸಿನಲ್ಲಿ ನನಗಿಂತ ತುಂಬಾ ದೊಡ್ಡವಳೇನಲ್ಲ, ಆದರೆ ಗಂಡನ ಅಣ್ಣನ ಹೆಂಡತಿ. ಒಂದೇ ಮನೆಯಲ್ಲಿ ನಮ್ಮದು ಕೆಳಗೆ, ಅವರದು ಮೇಲೆ. ಕೆಳಗಿನ ಹಾಲ್‌ನಲ್ಲಿ ನಾನು ಹೊಲಿಗೆ ಯಂತ್ರ ಹಾಕಿಕೊಂಡು ಊರವರ ಬಟ್ಟೆ ಹೊಲಿಯುತ್ತೇನೆ. ಆದ್ದರಿಂದ ಅವಳು ಹೋಗುವುದು, ಬರುವುದು, ಯಾವ ಮುಖ ಹೊತ್ತು ಬಂದಳು ಅನ್ನುವುದು ಎಲ್ಲ ನನ್ನ ಕಣ್ಣ ಮುಂದೆಯೇ.

ವಾರ್ಡನ್ನು ಊರಾಚೆಯ ಹೊಸ ಕಟ್ಟಡಕ್ಕೆ ಸಾಗಿಸಿದಾಗ ಅವಳು ಆ ಕೆಲಸ ಬಿಟ್ಟಳು. ಅದೇ ಹೊತ್ತಿಗೆ ನಮ್ಮ ಬೀದಿಯ ಹಿಂದಿನ ಕಾಲೇಜಿನಿಂದ ಕರೆ ಬಂತು. ಹಿಂದಿನ ವರ್ಷ ಅಲ್ಲಿನ ಹಾಸ್ಟೆಲಿನಲ್ಲಿ ಒಬ್ಬ ವಿದ್ಯಾರ್ಥಿ ಪ್ರಾಣ ಕಳೆದುಕೊಂಡಿದ್ದ. ಅವನ ಅಪ್ಪ ಅಮ್ಮ ಕಾಲೇಜಿನ ಮೆಟ್ಟಿಲ ಮೇಲೆ ಕೂತು, ನಮ್ಮ ಮಗ ಇಷ್ಟು ದಿನ ಕ್ಲಾಸಿಗೆ ಬರದಿದ್ದಾಗ ನಿಮ್ಮಲ್ಲಿ ಒಬ್ಬರಾದರೂ ಯಾಕೆ ಅಂತ ಕೇಳಲಿಲ್ಲ ಎಂದು ಹೋಗಿಬರುವವರನ್ನೆಲ್ಲ ಕೇಳಿದರು. ಉತ್ತರದ ಬದಲು ಆಡಳಿತದವರು ಒಂದು ಕೊಠಡಿ ಕಟ್ಟಿಸಿದರು. ಅದಕ್ಕೆ ಉಲ್ಲಾಸ ಕೊಠಡಿ ಎಂದು ಹೆಸರಿಟ್ಟರು.

ಉದ್ಘಾಟನೆಗೆ ನಾನೂ ಹೋಗಿದ್ದೆ. ನಿಂಬೆಹಳದಿ ಗೋಡೆ, ಕೂತರೆ ಏಳಲಾಗದ ಮೆತ್ತನೆ ಚೀಲಗಳು, ಧೂಳು ಹಿಡಿಯುವ ಪ್ಲಾಸ್ಟಿಕ್ ಗಿಡ, ಫೋಟೋ ತೆಗೆಸಿಕೊಳ್ಳಲು ನಗುಮುಖದ ಚೌಕಟ್ಟು. ಮೂಲೆಯಲ್ಲಿ ಒಂದು ಪುಟ್ಟ ಯಂತ್ರ ಆಗಾಗ ಪುಸ್ಸೆಂದು ಸೆಂಟು ಉಗುಳುತ್ತಿತ್ತು. ಎದುರು ಗೋಡೆಯಲ್ಲಿ ಆಳೆತ್ತರದ ಅಕ್ಷರ: ‘ನಕ್ಕುಬಿಡಿ, ಎಲ್ಲ ಹಗುರ!’ ಸತ್ತ ಹುಡುಗನ ಹೆಸರನ್ನು ಯಾರೂ ಎತ್ತಲಿಲ್ಲ. ಪ್ರಿನ್ಸಿಪಾಲರು ಕೇಕು ಕತ್ತರಿಸಿದರು. ಮಕ್ಕಳು ಅವರಿಗಿಟ್ಟ ಅಡ್ಡಹೆಸರು ಪಾಸಿಟಿವ್ ಸಾರ್. ಆ ಪದ ಇಲ್ಲದೆ ಅವರ ಬಾಯಿಂದ ಒಂದು ವಾಕ್ಯ ಹೊರಡುತ್ತಿರಲಿಲ್ಲ. ಅವರು ಅಕ್ಕನ ಕೈ ಹಿಡಿದು ಕುಲುಕಿ, “ಇನ್ಮೇಲೆ ನಮ್ಮ ಕ್ಯಾಂಪಸ್‌ನಲ್ಲಿ ಕಣ್ಣೀರೇ ಇರಬಾರದು ಮೇಡಂ” ಅಂದರು.

ಮನೆಗೆ ಬರುವ ದಾರಿಯಲ್ಲಿ ಅಕ್ಕ, “ಕಣ್ಣೀರು ಬರದ ಜಾಗಕ್ಕೆ ನಾನು ಯಾಕೆ ಬೇಕು? ಗೋಡೆ ಮೇಲಿರೋದನ್ನ ಓದಿದ್ರೆ ಚೆನ್ನಾಗಿರೋರಿಗೂ ಕಾಯಿಲೆ ಬರುತ್ತೆ” ಎಂದು ಗೊಣಗಿದಳು.

ಮಾರನೇ ದಿನವೇ ಸೆಂಟಿನ ಯಂತ್ರ ಕಿತ್ತು ಡ್ರಾಯರಿಗೆ ಹಾಕಿದಳು. ಚೌಕಟ್ಟನ್ನು ಬೀರುವಿನ ಹಿಂದೆ ನೂಕಿದಳು. ನಮ್ಮ ಮನೆಯ ಎರಡು ಹಳೇ ಮರದ ಕುರ್ಚಿ ಹೊರಿಸಿಕೊಂಡು ಹೋಗಿ ಎದುರುಬದುರು ಇಟ್ಟಳು. ಗೋಡೆಯ ಅಕ್ಷರವನ್ನು ಏನೂ ಮಾಡಲಾಗಲಿಲ್ಲ. ಅದಕ್ಕೆ ಬೆನ್ನು ಮಾಡಿ ಕೂರುವಂತೆ ಬಂದವರ ಕುರ್ಚಿ ತಿರುಗಿಸಿದಳು.

ಮೊದಮೊದಲು ಯಾರೂ ಬರಲಿಲ್ಲ. ಆಮೇಲೆ ಫೋನಿಗೆ ಚಾರ್ಜ್ ಹಾಕಿಕೊಳ್ಳುವ ನೆಪದಲ್ಲಿ ಬಂದರು, ನೀರು ಕುಡಿಯುವ ನೆಪದಲ್ಲಿ ಬಂದರು. ಆಮೇಲೆ ನೆಪವಿಲ್ಲದೆ ಬಂದರು. ನಿದ್ದೆ ಬಾರದವರು, ಹಾಸಿಗೆಯಿಂದ ಏಳಲಾಗದವರು, ಫೇಲಾದದ್ದನ್ನು ಮನೆಯಲ್ಲಿ ಹೇಳಲಾಗದವರು. ಇಷ್ಟು ಮಾತ್ರ ಅವಳು ಹೇಳಿದ್ದು. ಯಾರು, ಏನು, ಎತ್ತ ಎಂದು ನಾನು ಕೆದಕಿದರೆ, “ನೀನು ನಿನ್ನ ಮೆಷಿನ್ ಓಡ್ಸು” ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅಲ್ಲಿ ಕೇಳಿದ್ದನ್ನು ಗಂಡನಿಗೂ ಹೇಳಿದವಳಲ್ಲ. ಆದ್ದರಿಂದ ಮುಂದೆ ಬರುವ ಹುಡುಗಿಯ ವಿಷಯ ನನಗೆ ಅಕ್ಕನಿಂದ ಬಂದದ್ದಲ್ಲ. ಆ ಹುಡುಗಿಯ ತಾಯಿ ನಮ್ಮ ಹಾಲ್‌ನಲ್ಲಿ ಕೂತು, ಮಗಳ ಎದುರಿಗೇ, ಮಗಳ ಒಪ್ಪಿಗೆಯಿಂದಲೇ ಹೇಳಿದ್ದು. “ಬರೀರಿ, ಹೇಳ್ರಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ” ಎಂದೂ ಆಕೆಯೇ ಅಂದದ್ದು.

ಆ ಹುಡುಗಿಯನ್ನು ಕ್ಲಾಸಿನವರು ಟೋಪಿ ಅನ್ನುತ್ತಿದ್ದರು. ಬಿರುಬೇಸಗೆಯಲ್ಲೂ ಉಣ್ಣೆಯ ಟೋಪಿ ಹಾಕಿಕೊಂಡು ಬರುವ ಎರಡನೇ ವರ್ಷದ ವಿದ್ಯಾರ್ಥಿನಿ. ಅಕ್ಕನ ಎದುರು ಎಷ್ಟೋ ದಿನ ಸುಮ್ಮನೆ ಕೂತು ಎದ್ದುಹೋದವಳು ಒಂದು ದಿನ ಟೋಪಿ ತೆಗೆದಳು. ಬಲಗಿವಿಯ ಮೇಲಿನಿಂದ ಹಿಂದಲೆಯವರೆಗೆ ಅಂಗೈ ಅಗಲ ಬೋಳು. ತಾನೇ ಒಂದೊಂದೇ ಕೂದಲು ಕಿತ್ತುಕೊಂಡದ್ದು.

ಲ್ಯಾಬಿನ ಲೆಕ್ಚರರ್ ಒಬ್ಬನಿದ್ದ. ಸೂಕ್ಷ್ಮದರ್ಶಕದಲ್ಲಿ ಇವಳು ಕಣ್ಣಿಟ್ಟಾಗ ತೋರಿಸಿಕೊಡುವ ನೆವದಲ್ಲಿ ಹಿಂದಿನಿಂದ ಬಗ್ಗುತ್ತಿದ್ದ. ಗದ್ದವನ್ನು ಇವಳ ಹೆಗಲ ಮೇಲೆ ಊರಿ, ‘ಕಾಣ್ತಾ? ಈಗ ಕಾಣ್ತಾ?’ ಎಂದು ಕಿವಿಯ ಹತ್ತಿರ ಉಸಿರು ಬಿಡುತ್ತಿದ್ದ. ಪ್ರಾಕ್ಟಿಕಲ್ ಮಾರ್ಕ್ಸ್ ಅವನ ಕೈಯಲ್ಲಿ. ಹುಡುಗಿ ಅಕ್ಕನಿಗೆ ಹೇಳಿದ್ದು ಇಷ್ಟು: “ಮನೆಗೆ ಹೋಗಿ ತಲೆಗೆ ಎಷ್ಟು ಸಲ ನೀರು ಹಾಕ್ಕೊಂಡ್ರೂ ಆ ಉಸಿರು ಕೂದಲಿಗೆ ಅಂಟ್ಕೊಂಡೇ ಇದೆ ಅನ್ಸುತ್ತೆ. ಅದಕ್ಕೇ ಕಿತ್ತು ಹಾಕ್ತೀನಿ.”

ಅಕ್ಕ ಅವಳನ್ನು ಅವಸರಪಡಿಸಲಿಲ್ಲ. ದೂರು ಕೊಡುವುದಾದರೆ ಜೊತೆಗಿರುತ್ತೇನೆ, ಕೊಡದಿದ್ದರೂ ಜೊತೆಗಿರುತ್ತೇನೆ, ನಿರ್ಧಾರ ನಿನ್ನದು ಅಂದಳು. ಹುಡುಗಿ ಯೋಚಿಸುತ್ತೇನೆ ಎಂದು ಟೋಪಿ ಹಾಕಿಕೊಂಡಳು.

ಆ ವಾರದಲ್ಲೇ ಪ್ರಿನ್ಸಿಪಾಲರು ಅಕ್ಕನನ್ನು ಚಹಾಕ್ಕೆ ಕರೆದರು. ಕಾಲೇಜಿನ ಒಳ್ಳೇ ಹೆಸರು, ಉಲ್ಲಾಸ ಕೊಠಡಿಯ ಫೋಟೋ ಎಲ್ಲೆಲ್ಲಿ ಅಚ್ಚಾಯಿತು ಎಂಬುದನ್ನೆಲ್ಲ ಆಡಿ, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಾ ಕೇಳಿದರು:

“ಅಲ್ಲಾ ಮೇಡಂ, ಒಬ್ರ ಉಸಿರು ಇನ್ನೊಬ್ರ ಕೂದಲಿಗೆ ಅಂಟ್ಕೊಳ್ಳುತ್ತೆ ಅಂತ ನಂಬೋ ಹುಡುಗೀನ ನಿಮ್ಮ ಶಾಸ್ತ್ರದಲ್ಲಿ ಏನಂತಾರೆ? ಭ್ರಮೆ ಅಲ್ವಾ?”

ಅಕ್ಕ ಕಪ್ಪನ್ನು ಮೇಜಿನ ಮೇಲಿಟ್ಟಳು.

“ಯಾವ ಹುಡುಗಿ ಸಾರ್?”

“ಯಾರೋ ಒಬ್ಳು ಅಂತಿಟ್ಕೊಳ್ಳಿ. ನೀವು ನಾಲ್ಕು ಸಾಲು ಬರೆದುಕೊಟ್ರೆ ಸಾಕು, ಈ ಮಗುವಿನ ಮನಸ್ಸು ಸ್ಥಿಮಿತದಲ್ಲಿಲ್ಲ, ಇವಳ ಮಾತಿಗೆ ಬೆಲೆ ಕೊಡೋಕಾಗಲ್ಲ ಅಂತ. ಅವಳಿಗೂ ಒಳ್ಳೇದು, ರೆಸ್ಟ್ ಸಿಗುತ್ತೆ. ಪಾಸಿಟಿವ್ ಆಗಿ ನೋಡಿ.”

ಆ ಲೆಕ್ಚರರ್ ಪ್ರಿನ್ಸಿಪಾಲರ ಷಡ್ಡಕ. ಇವರ ಹೆಂಡತಿಯ ತಂಗಿಯನ್ನು ಕೊಟ್ಟದ್ದು ಅವನಿಗೇ. ಅದು ಕಾಲೇಜಿಗೆಲ್ಲ ಗೊತ್ತಿದ್ದ ಸಂಗತಿ. ಅಕ್ಕನನ್ನು ತಿವಿದದ್ದು ಅದಲ್ಲ. ಆ ಮಾತನ್ನು ಹುಡುಗಿ ಅವಳಿಗಲ್ಲದೆ ಇನ್ನೊಬ್ಬರಿಗೆ ಹೇಳಿರಲಿಲ್ಲ. ಅಕ್ಕ ಎಲ್ಲೂ ಬರೆದಿಟ್ಟಿರಲಿಲ್ಲ. ಮತ್ತೆ ಇವರ ಬಾಯಿಗೆ, ಬಿಸ್ಕತ್ತಿನ ಜೊತೆ, ಅದು ಬಂದದ್ದಾದರೂ ಹೇಗೆ?

ಅವಳು ತನ್ನ ಕೊಠಡಿಗೆ ವಾಪಸು ಹೋದಳು. ಗೋಡೆ ನೋಡಿದಳು, ಗಿಡ ನೋಡಿದಳು, ಕೊನೆಗೆ ತಲೆಯೆತ್ತಿ ಸೂರು ನೋಡಿದಳು. ಅಲ್ಲೊಂದು ಬಿಳಿಯ ಬಿಲ್ಲೆ. ಹೊಗೆಯಾದರೆ ಕೂಗುವ ಯಂತ್ರ ಎಂದು ಮೊದಲ ದಿನವೇ ಹೇಳಿದ್ದರು. ಕಾಲೇಜಿನ ಎಲೆಕ್ಟ್ರಿಷಿಯನ್ ಹೊರಗೆ ದೀಪ ಬದಲಿಸುತ್ತಿದ್ದ. ಕರೆದು ಕೇಳಿದಳು. ಅವನು ಏಣಿಯ ಮೇಲಿಂದಲೇ, ಇದರಲ್ಲೇನು ಗುಟ್ಟು ಎನ್ನುವ ಹಾಗೆ ಹೇಳಿದ:

“ಅದು ಹೊಗೇದಲ್ಲ ಮೇಡಂ, ಮಾತಿಂದು. ಸಾಹೇಬ್ರ ರೂಮಿಗೆ ವೈರ್ ಎಳೆದಿದ್ದೀವಲ್ಲ. ನಿಮಗೆ ಹೇಳಿಲ್ವಾ?”

ಅವತ್ತು ಅವಳು ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಬಿಡದೆ ಒಳಗೆ ನುಗ್ಗಿ ತೊಟ್ಟಿಗೆ ಬಗ್ಗಿ ವಾಂತಿ ಮಾಡಿಕೊಂಡಳು. ನಾನು ಹೊಲಿಗೆ ಬಿಟ್ಟು ಓಡಿದೆ. ಅತ್ತೆಯ ಮಲ ಬಳಿದವಳು, ರೋಗಿಯ ಎಂಜಲು ಒರೆಸಿಕೊಂಡು ಅನ್ನ ಉಂಡವಳು ನಲ್ಲಿ ಹಿಡಿದು ಮತ್ತೆ ಮತ್ತೆ ಕಕ್ಕುತ್ತಿದ್ದಳು. ನಾನು ಅವಳ ಬೆನ್ನು ಸವರಿದೆ. ಏನಾಯಿತೆಂದರೆ, “ಆ ಕೋಣೆ ಗಬ್ಬು ನಾರುತ್ತೆ ಕಣೇ” ಎಂದಷ್ಟೇ ಹೇಳಿದಳು.

ಯಂತ್ರದ ವಿಷಯವನ್ನೂ ಪ್ರಿನ್ಸಿಪಾಲರು ಬರೆದುಕೊಡಿ ಎಂದದ್ದನ್ನೂ ಸಂಜೆ ಗಂಡನಿಗೆ, ಅಂದರೆ ನನ್ನ ಭಾವನಿಗೆ, ಹೇಳಿದಳು. ಭಾವ ಒಳ್ಳೆಯವರು, ಆದರೆ ಹೆದರುಪುಕ್ಕಲು. “ನೀನು ಬರೆದುಕೊಡಬೇಡ, ಆದ್ರೆ ಬಾಯೂ ಬಿಡಬೇಡ. ಟೇಪ್ ಅಂಟಿಸಿ ಸುಮ್ನಿದ್ದುಬಿಡು” ಅಂದರು.

“ಟೇಪ್ ಅಂಟಿಸಿದ್ರೆ ಇಲ್ಲೀವರೆಗೆ ಕೇಳಿಸ್ಕೊಂಡಿದ್ದು ಅವರ ಕಿವಿಯಿಂದ ವಾಪಸ್ ಬರುತ್ತಾ?” ಎಂದಳು ಅಕ್ಕ. ಭಾವ ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಮರುದಿನದಿಂದ ಅವಳು ಕೊಠಡಿಗೆ ಬೀಗ ಹಾಕಿ ಆಟದ ಮೈದಾನಕ್ಕೆ ಹೋದಳು. ತನ್ನ ಹತ್ತಿರ ಬಾಯಿಬಿಟ್ಟಿದ್ದ ಒಬ್ಬೊಬ್ಬರನ್ನೂ ಕರೆದು, ಜೊತೆಗೆ ಓಟದ ಪಥದಲ್ಲಿ ಒಂದು ಸುತ್ತು ನಡೆದು, ನೀನು ನನಗೆ ಹೇಳಿದ್ದನ್ನು ಬೇರೆಯವರು ಕೇಳಿಸಿಕೊಂಡಿದ್ದಾರೆ ಎಂದು ಹೇಳಿದಳು. ಕೆಲವರು ಬೈದರು. ಒಬ್ಬಳು ನಕ್ಕಳು, ಆ ನಗು ನಿಲ್ಲಲೇ ಇಲ್ಲವಂತೆ. ಕುಸ್ತಿಪಟುವಿನಂಥ ಮೈಕಟ್ಟಿನ ಒಬ್ಬ ಹುಡುಗ, ಕತ್ತಲೆಂದರೆ ಹೆದರುವವನು, ಬ್ಯಾಗು ಎತ್ತಿಕೊಂಡು ಗೇಟು ದಾಟಿದ. ಅವನು ಆಮೇಲೆ ಯಾವ ಸಮಾಲೋಚಕರ ಹತ್ತಿರವೂ ಹೋಗಲಿಲ್ಲ. ಅವನ ಈ ವಿಷಯ ನನಗೆ ತಿಳಿದದ್ದು ಅವನ ಒಡಹುಟ್ಟಿದವಳಿಂದ, ಬೇರೆ ಮಕ್ಕಳಿಗೆ ಹೀಗಾಗದಿರಲಿ ಎಂದು ಅವಳೇ ಹೇಳಿದಳು.

ಟೋಪಿಯ ಸರದಿ ಬಂದಾಗ ಹುಡುಗಿಯ ಕೈ ತಾನಾಗಿ ತಲೆಗೆ ಹೋಯಿತು.

“ಎಲ್ಲಾನೂ ಕೇಳಿದ್ರಾ?”

“ಎಲ್ಲಾನೂ.”

“ನಾನು ಅತ್ತಿದ್ದೂ?”

“ಅದೂ.”

ಹುಡುಗಿ ಸ್ವಲ್ಪ ದೂರ ನಡೆದಳು. ತಿರುಗಿ ಬಂದಳು. “ನಾನು ಹೇಳಿದ್ದು ನಿಮಗೆ. ಅವರಿಗೆ ಅಲ್ಲ. ಈಗ ಅವರಿಗೇ ಹೇಳ್ತೀನಿ, ಎದುರಿಗೆ ಕೂತು. ಮೊದಲು ಅಮ್ಮಂಗೆ ಹೇಳ್ಬೇಕು. ನೀವು ಬರ್ತೀರಾ?”

ಅಮ್ಮ ಬಸ್ ಕಂಡಕ್ಟರ್. ತುಂಬಿದ ಬಸ್ಸಿನ ಮುಂದಿನ ಬಾಗಿಲಲ್ಲಿ ನಿಂತು ಹಿಂದಿನ ಸೀಟಿನವನನ್ನು ಎಬ್ಬಿಸುವ ಗಂಟಲು ಆಕೆಯದು. ಮಗಳು ಹೇಳಿದ್ದನ್ನೆಲ್ಲ ಕೇಳಿ ಆಕೆ ಮೊದಲು ಮಾಡಿದ್ದು, ಟೋಪಿ ತೆಗೆದು ಆ ಬೋಳು ಜಾಗವನ್ನು ಅಂಗೈಯಿಂದ ಮುಚ್ಚಿ ಹಿಡಿದದ್ದು. ದಿನಾ ಒಂದೇ ಮನೆಯಲ್ಲಿದ್ದೂ ತನಗೆ ಕಂಡಿರಲಿಲ್ಲವಲ್ಲ ಎಂದು ಆಮೇಲೆ ನನ್ನ ಮುಂದೆ ತಲೆ ಚಚ್ಚಿಕೊಂಡರು.

ದೂರು ಸಮಿತಿ ಕೂತದ್ದು ಪ್ರಿನ್ಸಿಪಾಲರ ಕೋಣೆಯ ಪಕ್ಕದ ಸಭಾಂಗಣದಲ್ಲಿ. ಉದ್ದ ಮೇಜು, ಗಾಜಿನ ಲೋಟಗಳು, ಚಹಾದ ಟ್ರೇ. ಒಂದು ಕಡೆ ಸಮಿತಿಯ ಹಿರಿಯ ಅಧ್ಯಾಪಕಿ ಮತ್ತು ಇನ್ನಿಬ್ಬರು. ಇನ್ನೊಂದು ಕಡೆ ಹುಡುಗಿ, ಅವಳಮ್ಮ, ಅಕ್ಕ. ಲೆಕ್ಚರರ್ ಇಸ್ತ್ರಿ ಅಂಗಿ ತೊಟ್ಟು, ಬಾಯಲ್ಲಿ ಏಲಕ್ಕಿ ಇಟ್ಟುಕೊಂಡು ಬಂದಿದ್ದ. ಹುಡುಗಿ ಹೇಳುವಾಗೆಲ್ಲ ಮಗುವಿನ ತೊದಲು ಕೇಳುವವನಂತೆ ಮುಗುಳ್ನಗುತ್ತಿದ್ದನಂತೆ.

ಹಿರಿಯ ಅಧ್ಯಾಪಕಿ ಅಕ್ಕನ ಕಡೆ ತಿರುಗಿದರು. “ನೀವು ಪರಿಣತರು. ಈ ಹುಡುಗಿಯ ಮನಸ್ಸು ಸರಿಯಾಗಿದೆಯಾ?”

“ಸರಿಯಾಗಿದೆ. ಅದಕ್ಕೇ ಇಷ್ಟು ನೋಯ್ತಿದೆ” ಅಂದಳು ಅಕ್ಕ. “ಅಸಹ್ಯ ಆದಾಗ ಮೈ ಕೊಡವಿಕೊಳ್ತೀವಲ್ಲ, ಇವಳು ಕೂದಲು ಕಿತ್ಕೊಂಡಿದ್ದಾಳೆ. ಅದಕ್ಕೆ ಚಿಕಿತ್ಸೆ ಇದೆ, ಕೊಡ್ತಿದ್ದೀನಿ. ಅವಳು ಹೇಳಿದ ಮಾತು ಸುಳ್ಳು ಅನ್ನೋದಕ್ಕೆ ಅದು ಸಾಕ್ಷಿ ಅಲ್ಲ.”

ಆಗ ಪ್ರಿನ್ಸಿಪಾಲರು ಬಲು ಬೇಸರದವರಂತೆ ನಿಟ್ಟುಸಿರುಬಿಟ್ಟು, ತಮ್ಮ ಲ್ಯಾಪ್‌ಟಾಪ್ ತೆರೆದರು. ಹುಡುಗಿ ಭ್ರಮೆಯಲ್ಲಿದ್ದಾಳೆ ಎಂಬುದು ಅವಳ ಬಾಯಿಂದಲೇ ಗೊತ್ತಾಗಲಿ ಎಂದು ಧ್ವನಿಮುದ್ರಿಕೆ ಹಾಕಿದರು. ಅದೆಂಥ ದಡ್ಡತನವೋ, ಅಹಂಕಾರವೋ! ತನ್ನ ಕೋಣೆಯಲ್ಲಿ ಕೂತು ಅಷ್ಟು ದಿನ ಕೇಳಿ ಕೇಳಿ, ಕದ್ದು ಕೇಳುವುದು ತಪ್ಪೆಂಬುದೇ ಆ ಮನುಷ್ಯನಿಗೆ ಮರೆತುಹೋಗಿತ್ತು.

ಸಭಾಂಗಣದ ತುಂಬ ಹುಡುಗಿಯ ದನಿ. ಮೂಗು ಸೇದುವುದು, ತಡೆಯುವುದು, ಮತ್ತೆ ಶುರುಮಾಡುವುದು. ಹಿಂದೆ ಅಕ್ಕನ ಮೆಲುದನಿ, ‘ನಿಧಾನ, ನಿಧಾನ.’ ಎದುರಿಗೆ ಅದೇ ಹುಡುಗಿ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದುಕೊಂಡು ಕೂತಿದ್ದಳು.

ಕಂಡಕ್ಟರಮ್ಮ ಎದ್ದು ನಿಂತು ಆ ಲ್ಯಾಪ್‌ಟಾಪನ್ನು ಪಟ್ಟೆಂದು ಮುಚ್ಚಿದರು. ಆಶ್ಚರ್ಯವೆಂದರೆ, ಆಕೆ ಕೂಗಲಿಲ್ಲ.

“ನನ್ ಮಗಳು ಅಳೋದನ್ನ ನೀವು ಕೂತ್ಕೊಂಡು ಕೇಳಿದ್ರಾ ಸಾರ್?”

“ಅಮ್ಮಾ, ಮಕ್ಕಳ ಸುರಕ್ಷತೆಗೋಸ್ಕರ…”

“ಚಹಾ ಕುಡೀತಾ ಕೇಳಿದ್ರಾ? ಎಷ್ಟು ಸಲ ಕೇಳಿದ್ರಿ? ಇವನನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಕೇಳಿದ್ರಾ?”

ಏಲಕ್ಕಿ ಅಗಿಯುತ್ತಿದ್ದ ದವಡೆ ನಿಂತಿತು, ಲೆಕ್ಚರರ್ ಪ್ರಿನ್ಸಿಪಾಲರತ್ತ ನೋಡಿದ. ಆ ನೋಟದಲ್ಲೇ ಉತ್ತರವಿತ್ತು ಎಂದು ಕಂಡಕ್ಟರಮ್ಮ ಆಮೇಲೆ ಹೇಳಿದರು. ಇಬ್ಬರೂ ಸೇರಿ ಕೇಳಿದ್ದರು. ಷಡ್ಡಕರಿಬ್ಬರೂ, ಒಂದು ಹೆಣ್ಣುಮಗು ತನ್ನ ಮೈಗಂಟಿದ ಹೊಲಸನ್ನು ಹೇಳಿಕೊಂಡು ಅಳುವುದನ್ನು, ಕೋಣೆಯ ಬಾಗಿಲು ಹಾಕಿಕೊಂಡು ಕೇಳಿದ್ದರು. ಹಿರಿಯ ಅಧ್ಯಾಪಕಿ ತಮ್ಮ ಮುಂದಿದ್ದ ಚಹಾವನ್ನು ಬೆರಳ ತುದಿಯಿಂದ ದೂರ ತಳ್ಳಿ, “ಈ ರೂಮಿನಲ್ಲಿ ಎಲ್ಲೆಲ್ಲಿ ಯಂತ್ರ ಇದೆ ಅಂತ ಮೊದಲು ಹೇಳಿ. ಸ್ಟಾಫ್ ರೂಮಿನಲ್ಲೂ ಇದೆಯಾ?” ಎಂದರಂತೆ.

ಇಷ್ಟಾದ ಮೇಲೆ ಪಾಪಿಗಳಿಗೆ ತಕ್ಕ ಶಾಸ್ತಿಯಾಯಿತು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಸಮಿತಿ ಹುಡುಗಿಯ ದೂರು ನಿಜವೆಂದಿತು. ಲೆಕ್ಚರರನ್ನು ಮೊದಲು ರಜೆಯ ಮೇಲೆ ಕಳಿಸಿದರು. ಆಮೇಲೆ ಅದೇ ಆಡಳಿತದವರ ಇನ್ನೊಂದು ಕಾಲೇಜಿನಲ್ಲಿ ಅವನು ಪಾಠ ಮಾಡುತ್ತಿರುವುದು ತಿಳಿಯಿತು. ಕಂಡಕ್ಟರಮ್ಮ ಅಲ್ಲಿಗೂ ಹೋಗಿ, ಗೇಟಿನ ಮುಂದೆ ನಿಂತು, ಈ ಸಲ ತನ್ನ ಪೂರ್ತಿ ಗಂಟಲಿನಲ್ಲಿ ಕೂಗಿ ಹೇಳಿ ಬಂದರು. ಪೊಲೀಸರಿಗೂ ದೂರು ಕೊಟ್ಟರು. ಆ ಪ್ರಕರಣ ಇನ್ನೂ ನಡೆಯುತ್ತಿದೆ. ಪ್ರಿನ್ಸಿಪಾಲರಿಗೆ ಆರೋಗ್ಯ ಕೆಟ್ಟಿತೆಂದು ಆಡಳಿತ ಮಂಡಳಿ ಅವರನ್ನು ಸಲಹೆಗಾರರನ್ನಾಗಿ ಮಾಡಿಕೊಂಡಿತು. ಕೂರಲು ಮೊದಲಿಗಿಂತ ದೊಡ್ಡ ಕೋಣೆ ಕೊಟ್ಟರು. ಅಕ್ಕನಿಗೆ, ನಿಮ್ಮ ಸೇವೆಯ ಅವಧಿ ಮುಗಿದಿದೆ ಎಂದರು.

ಆ ಯಂತ್ರಗಳನ್ನು ಕಿತ್ತರು, ಅಷ್ಟು ಮಾತ್ರ ನಿಜ. ಮಕ್ಕಳು ಗಲಾಟೆ ಮಾಡಿದ್ದರಿಂದ ಎಲ್ಲರೆದುರೇ ಕೀಳಬೇಕಾಯಿತು. ಆದರೆ ಉಲ್ಲಾಸ ಕೊಠಡಿಗೆ ಹೊಸದಾಗಿ ಬಂದ ಸಮಾಲೋಚಕಿಯ ಮುಂದೆ ಯಾರೂ ಕೂರುವುದಿಲ್ಲವಂತೆ. ಪಾಪ, ಎಳೇ ಹೆಣ್ಣುಮಗಳು, ಒಂದು ದಿನ ಅಕ್ಕನನ್ನು ಹುಡುಕಿಕೊಂಡು ಬಂದು, ಏನು ಮಾಡಲಿ ಎಂದು ಕೇಳಿದಳು. “ಗೋಡೆಗೆ ಸುಣ್ಣ ಹೊಡಿಸು. ಬೀಗದ ಕೈ ನಿನ್ನ ಹತ್ರ ಇಟ್ಕೊ. ಆಮೇಲೆ ಕಾಯಿ. ವರ್ಷವಾದ್ರೂ ಕಾಯಿ” ಅಂದಳು ಅಕ್ಕ. ಕಾಲೇಜಿನ ಹೊಸ ಪ್ರಚಾರ ಪುಸ್ತಿಕೆಯಲ್ಲಿ ಈಗಲೂ ಅಕ್ಕನ ಫೋಟೋ ಇದೆ, ಉದ್ಘಾಟನೆಯ ದಿನದ್ದು. ನಾನು ಅದನ್ನು ತೋರಿಸಿದಾಗ ಅವಳು ಎರಡು ಬೆರಳಲ್ಲಿ ಹಿಡಿದು, ಸತ್ತ ಜಿರಳೆ ಎತ್ತಿ ಹಾಕುವ ಹಾಗೆ ಕಸದ ಬುಟ್ಟಿಗೆ ಹಾಕಿದಳು.

ಅವಳೀಗ ಮತ್ತೆ ಆಸ್ಪತ್ರೆಗೇ ಹೋಗುತ್ತಾಳೆ. ಹೊರರೋಗಿಗಳ ವಿಭಾಗದ ತುದಿಯಲ್ಲಿ, ಔಷಧಿಯ ಪೆಟ್ಟಿಗೆಗಳ ಮಧ್ಯೆ ಒಂದು ಮೇಜು. ಕೋಣೆಗೆ ಹೋದವಳು ಕೂರುವ ಮೊದಲು ಒಂದು ಸಲ ಸೂರು ನೋಡುವುದು ಅಭ್ಯಾಸವಾಗಿಬಿಟ್ಟಿದೆ. ನಮ್ಮ ಮನೆಯಲ್ಲೂ ನೋಡುತ್ತಾಳೆ. ಆ ಕಾಲೇಜಿನ ಕೆಲವು ಮಕ್ಕಳು ಬಸ್ಸು ಹಿಡಿದು ಅಲ್ಲಿಗೇ ಹೋಗುತ್ತಾರೆ, ನೆಗಡಿಯ ಚೀಟಿ ಮಾಡಿಸಿಕೊಂಡು. ಕತ್ತಲಿಗೆ ಹೆದರುವ ಹುಡುಗ ಮಾತ್ರ ಹೋಗುವುದಿಲ್ಲ. ಬೀದಿಯಲ್ಲಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಾನೆ. ಅವತ್ತೆಲ್ಲ ಅಕ್ಕ ಯಾರ ಮೇಲೂ ರೇಗುವುದಿಲ್ಲ, ಊಟವನ್ನೂ ಮಾಡುವುದಿಲ್ಲ.

ಟೋಪಿ ಹುಡುಗಿ ಕೊನೆಯ ವರ್ಷಕ್ಕೆ ಬಂದಿದ್ದಾಳೆ. ಕಾಲೇಜು ಬಿಡಲಿಲ್ಲ. ಬಿಡಬೇಕಾದವಳು ನಾನಲ್ಲ ಅನ್ನುತ್ತಾಳೆ. ಅಮ್ಮನ ಡ್ಯೂಟಿ ಮುಗಿಯುವವರೆಗೆ ಸಂಜೆ ನಮ್ಮ ಹಾಲ್‌ನಲ್ಲಿ ಓದುತ್ತಾ ಕೂರುತ್ತಾಳೆ. ಬೋಳು ಜಾಗದಲ್ಲಿ ಕೂದಲು ಬಂದಿದೆ, ಮುಳ್ಳುಮುಳ್ಳಾಗಿ, ಒಂದು ಬಣ್ಣದಲ್ಲಿಲ್ಲ. ಪರೀಕ್ಷೆ ಹತ್ತಿರವಾದರೆ ಬೆರಳು ಮತ್ತೆ ಅಲ್ಲಿಗೆ ಹೋಗುತ್ತದೆ. ಬೈಯಬೇಡ, ಕೈ ಹಿಡಿಯಬೇಡ, ಆ ಬೆರಳಿಗೆ ಬೇರೆ ಕೆಲಸ ಕೊಡು ಎಂದು ಅಕ್ಕ ನನಗೆ ಹೇಳಿಕೊಟ್ಟಿದ್ದಾಳೆ. ಅದಕ್ಕೇ ನಾನು ಸೈಜು ತಪ್ಪಿದ ಹಳೇ ಬಟ್ಟೆಗಳನ್ನು ಅವಳ ಮಡಿಲಿಗೆ ಹಾಕುತ್ತೇನೆ. ಅವಳು ಪುಸ್ತಕದ ಮೇಲೆ ಕಣ್ಣಿಟ್ಟು, ಸೂಜಿಯ ಮೊನೆಯಿಂದ ಹೊಲಿಗೆ ಬಿಚ್ಚುತ್ತಾ, ದಾರದ ಎಳೆಗಳನ್ನು ಒಂದೊಂದಾಗಿ ಎಳೆದು ನೆಲಕ್ಕೆ ಉದುರಿಸುತ್ತಾಳೆ.

“ಆಂಟಿ, ಇನ್ನೊಂದು ಕೊಡಿ. ಇದರಲ್ಲಿ ಎಲ್ಲಾ ಕಿತ್ತಾಯ್ತು.”